ಕೊಳಾಯಿ ಜಗಳ ನಿಂತ ವಠಾರ

ಗೋವಿಂದರಾಜನಗರದ ಯಶೋದಮ್ಮನ ವಠಾರದಲ್ಲಿ ಕಾವೇರಿ ನೀರು ಬಂದ ದಿನ ಜಗಳ ಆಗಲೇಬೇಕು. ಯಾರ ಬಿಂದಿಗೆ ಮೊದಲು, ಯಾರು ಕದ್ದು ಮೋಟಾರ್ ಹಾಕಿದರು. ಇಷ್ಟಿಲ್ಲದೆ ಅಲ್ಲಿ ಯಾರಿಗೂ ಕಾಫಿ ಇಳಿಯುತ್ತಿರಲಿಲ್ಲ. ಮೇಲಿನ ರೂಮಿಗೆ ಗಿರಿರಾಜ್ ಬಾಡಿಗೆಗೆ ಬಂದಮೇಲೆ ಅದು ನಿಂತಿತು.

ಅವನ ಕಾಲ್ಗುಣ ಎಂದರು ಎಲ್ಲರೂ. ಸಿಂಧನೂರಿನಿಂದ ನರ್ಸಿಂಗ್ ಓದಲು ಬಂದು ಕೆಳಮನೆಯಲ್ಲಿದ್ದ ಸುವರ್ಣಾ ಮಾತ್ರ ಅವನ ಕೆನ್ನೆ ನೋಡುತ್ತಿದ್ದಳು. ಯಾರಾದರೂ ದನಿ ಏರಿಸಿದರೆ ಅವನು ಬಕೆಟ್ ಹಿಡಿದು ಪಕ್ಕಕ್ಕೆ ಬಂದು ನಿಲ್ಲುತ್ತಿದ್ದ. ಬೈಯುತ್ತಿದ್ದವರು ಅರ್ಧ ಬೈಗುಳಕ್ಕೇ "ಹೋಗ್ಲಿ ಬಿಡಿ ಆಂಟಿ" ಅನ್ನುತ್ತಿದ್ದರು. ಅವನ ಕೆನ್ನೆ ಹಬ್ಬದೂಟ ಮುಗಿಸಿದವರ ಹಾಗೆ ಹೊಳೆಯುತ್ತಿತ್ತು.

ಆ ಕೆನ್ನೆಯನ್ನು ಅಷ್ಟೊಂದು ನೋಡಲು ಅನುಮಾನವೊಂದೇ ಕಾರಣ ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು.

"ಏನ್ರೀ, ಮುಖದಲ್ಲಿ ಏನಾದ್ರೂ ಅಂಟಿದ್ಯಾ?"

"ಅದನ್ನೇ ನೋಡಾಕತ್ತೀನ್ರಿ."

ಅವನು ನಕ್ಕ. ಅನುಮಾನ ಹೆಚ್ಚಿತು, ಇಷ್ಟು ಚೆನ್ನಾಗಿ ನಗುವವರು ಶೀಟಿನ ರೂಮಿಗೆ ಬಾಡಿಗೆಗೆ ಬರುವುದಿಲ್ಲ.

ಒಂದು ಸಂಜೆ ಯಶೋದಮ್ಮ, ಸುವರ್ಣಾಳ ಎದುರೇ, ಟಿವಿ ಒರೆಸಿದ ಬಟ್ಟೆಯಲ್ಲೇ ತೀರಿಹೋದ ಗಂಡನ ಫೋಟೋವನ್ನೂ ಒರೆಸಿದರು. "ಯಾಕೋ ಈಚೆಗೆ ಅಳೂನೇ ಬರಲ್ಲ ಕಣಮ್ಮ. ಗಿರಿ ಬಂದು ಟೀ ಕುಡಿದು ಹೋದ, ಎದೆ ಹಗುರ ಆಗೋಯ್ತು." ಅವರ ಕಣ್ಣು ತೊಳೆದಿಟ್ಟ ಲೋಟದ ಹಾಗಿತ್ತು.

ಸುವರ್ಣಾ ನೇರ ತಾರಸಿಗೆ ಹತ್ತಿದಳು. ಗಿರಿರಾಜ್ ಒಣಗಿದ ಬಟ್ಟೆ ತೆಗೆಯುತ್ತಿದ್ದ.

"ಮಂದಿ ಸಿಟ್ಟು, ದುಃಖ ತಿಂತೀರಿ ನೀವು. ಹೌದಲ್ರಿ?"

ಅವನು ಬಾಯಲ್ಲಿದ್ದ ಕ್ಲಿಪ್ಪು ತೆಗೆದ. "ನಾನು ಮನುಷ್ಯ ಅಲ್ಲ ಸುವರ್ಣಾ. ಸಿಟ್ಟು ಸಾಕಾಗ್ತಿತ್ತು. ಯಶೋದಮ್ಮನವರದ್ದು ಮುಟ್ಟಬಾರದಿತ್ತು."

"ವಾಪಸ್ ಕೊಡ್ರಿ."

"ತಿಂದಿದ್ದನ್ನ ಹೇಗೆ ಕೊಡ್ಲಿ?"

"ಮತ್ತ ನನ್ನದು? ನಿಮ್ಮನ್ನ ಕಂಡರ ನನಗ ಆಗೋದು, ಅದನ್ನೂ ಒಂದಿನ ತಿಂದ್ಬಿಡ್ತೀರಿ. ಆಮ್ಯಾಲ ಎದುರಿಗೆ ಬಂದ್ರೂ ಯಾರೋ ಅಂತ ದಾಟಿ ಹೋಗ್ತೀನಿ."

"ಅದನ್ನ ಮುಟ್ಟಿಲ್ಲ."

"ಹೆಂಗ ನಂಬ್ಲಿ?"

ಅವನು ಒಂದು ಹೆಜ್ಜೆ ಹಿಂದೆ ಸರಿದ. "ಅನುಮಾನ ಅಂದ್ರೆ ನಮಗೆ ಒಬ್ಬಟ್ಟು. ನಾನು ಬಂದಾಗಿನಿಂದ ನೀವು ತಟ್ಟೆ ತುಂಬ ಬಡಿಸಿದೀರಿ. ತಿಂದಿದ್ರೆ ಇವತ್ತು ಕೇಳೋಕೆ ಬರ್ತಿದ್ರಾ?"

ಸುವರ್ಣಾ ತನ್ನೊಳಗೆ ತಡಕಿ ನೋಡಿಕೊಂಡಳು. ಅನುಮಾನ ಪೂರ್ತಿ ಇತ್ತು. ಅದರ ಪಕ್ಕದಲ್ಲಿ ಇನ್ನೊಂದೂ ಇತ್ತು, ಬೆಚ್ಚಗೆ.

"ಬೀದಿ ಸಿಟ್ಟು ಎಷ್ಟು ಬೇಕಾದ್ರೂ ತಿನ್ನು," ಎಂದಳು, ಬಹುವಚನ ಬಿಟ್ಟು. "ಯಶೋದಮ್ಮಾರ ಹತ್ರ ಸುಳೀಬ್ಯಾಡ. ನನ್ನ ಅನುಮಾನ ಮುಟ್ಟಬ್ಯಾಡ. ಅದು ಇರೋತನಕ ಉಳಿದದ್ದೂ ನನ್ನ ಹತ್ರಾನ ಐತಿ ಅಂತ ಗೊತ್ತಾಗತೈತಿ."

ಗಿರಿರಾಜ್ ಹಸಿದ ಮುಖದಲ್ಲೇ ನಕ್ಕ. ಅವನು ಸರಿದ ಹೆಜ್ಜೆಯನ್ನು ಅವಳು ತುಂಬಿ, ಕೈ ಹಿಡಿದು, ಹೆಗಲಿಗೆ ತಲೆ ಆನಿಸಿದಳು. ಕಣ್ಣು ಮಾತ್ರ ಮುಚ್ಚಲಿಲ್ಲ.