ಅಕ್ಕನ ಮನೆಗೆ ವೈಫೈ

ಅವ್ವನ ಕಾಸಿನ ಸರ ಅಕ್ಕ ನಾಗಲಕ್ಷ್ಮಿಯ ಬೀರುವಿನಲ್ಲಿತ್ತು. ಸಾಯುವ ಮುಂಚೆ ಅವ್ವ ಅದು ಮಗ ಮನೋಹರನಿಗೆ ಎಂದಿದ್ದಳು. 'ನಿನ್ ಎಂಡ್ತಿ ಬಂದ್ ದಿನ ಅವಳ ಕತ್ಗೇ ಆಕ್ತೀನಿ ಕಣ್ಲಾ' ಎಂದು ಅಕ್ಕ ತೆಗೆದಿಟ್ಟುಕೊಂಡಳು. ಮನೋಹರನಿಗೆ ನಲವತ್ತು ದಾಟಿತು. ಹೆಣ್ಣು ನೋಡಲು ಹೋಗುವುದೂ ನಿಂತಿತು. ಈಚೆಗೆ ಊಟಕ್ಕೆ ಕೂತಾಗ ಭಾವ ಚಲುವಯ್ಯ, 'ಇನ್ ಯಾವೋಳ್ ಬತ್ತಾಳೆ ಬುಡು. ಸರ ನಮ್ ಮಗ್ಳಿಗೇ ಇರ್ಲಿ' ಎಂದು ನಕ್ಕ. ಅಕ್ಕನೂ ನಕ್ಕಳು. ಮನೋಹರ ಸಾರು ಕಲಸಿಕೊಳ್ಳುತ್ತಾ ತಾನೂ ನಕ್ಕ.

ಅರಕಲಗೂಡಿನಲ್ಲಿ ಅವನದು ಮೊಬೈಲ್ ರಿಪೇರಿ ಅಂಗಡಿ, ಅದರ ಮೇಲೊಂದು ರೂಮು. ಏನಾದರೂ ಕೆಟ್ಟರೆ ಮಾತ್ರ ಅಕ್ಕ ಫೋನ್ ಮಾಡುತ್ತಿದ್ದಳು. ಈ ಸಲ ಕೆಟ್ಟಿರಲಿಲ್ಲ, ಹೊಸದು ಬೇಕಿತ್ತು.

'ಈ ಕಡೆ ಕಳ್ರ ಕಾಟ ಜಾಸ್ತಿ ಆಗದೆ. ವೈಫೈ ಹಾಕ್ಸಿ ಕ್ಯಾಮೆರಾ ಇಕ್ಬೇಕಂತೆ. ಯಾವ್ದಾರಾ ಒಳ್ಳೇದ್ ನೋಡ್ ತತ್ತಾ.'

ಅವನು ನೋಡಿದ. ಅಗ್ಗದ ರೂಟರುಗಳನ್ನು ಆ ಮನೆಯಲ್ಲೇ ನಿಂತು ಆಫ್ ಮಾಡಬೇಕು. ಇನ್ನೊಂದು ಬಗೆಯದನ್ನು ಎಲ್ಲಿಂದಲಾದರೂ ಫೋನಿನಲ್ಲೇ ಆಫ್, ಆನ್ ಮಾಡಬಹುದು. ಅದನ್ನೇ ಆರಿಸಿದ. ಅಕ್ಕನಿಗೆ ಬರೀ 'ಗಟ್ಟಿ ಬತ್ತದೆ' ಎಂದ.

ಅಕ್ಕನ ಊರು ಹಳ್ಳಿಮೈಸೂರಿಗೆ ಹೋಗಿ ತಾನೇ ಕೂರಿಸಿದ. ಟಿವಿ ಹಿಂದೆ ಬೇಡ, ಫ್ರಿಜ್ ಪಕ್ಕವೂ ಬೇಡ, ನಡುಮನೆಯ ಗೋಡೆಗೆ ಎತ್ತರದಲ್ಲಿ. ಕರೆಂಟ್ ಹೋದರೂ ನಡೆಯಲೆಂದು ಪುಟ್ಟ ಬ್ಯಾಟರಿ ಕೊಟ್ಟ. ಮುಂಬಾಗಿಲಿಗೊಂದು, ಹಿತ್ತಲಿಗೊಂದು ಕ್ಯಾಮೆರಾ. ಎರಡೂ ವೈಫೈ ಇದ್ದರಷ್ಟೇ ಕಾಣುತ್ತಿದ್ದವು. ವೈಫೈ ಇಲ್ಲದಾಗಲೂ ಚಿತ್ರ ಉಳಿಸಿಕೊಳ್ಳುವ ಮೆಮೊರಿ ಕಾರ್ಡನ್ನು ಅವನು ಹಾಕಲಿಲ್ಲ. ಹೊರಡುವಾಗ ಅಕ್ಕ ಮಜ್ಜಿಗೆ ಕೊಟ್ಟು, 'ನೀನಿಲ್ದಿದ್ರೆ ನಮ್ಗೆ ಯಾರ್ಲಾ ಮಾಡ್ಕೊಡೋರು' ಎಂದಳು. ಹಿಂಬಾಗಿಲಿನ ಕೀಗಳಲ್ಲೊಂದು ಆಗಲೇ ಅವನ ಜೇಬಿನಲ್ಲಿತ್ತು.

ಮುಂದಿನದನ್ನೆಲ್ಲ ರೂಮಿನಲ್ಲಿ ಒಬ್ಬನೇ ಮಲಗಿ ಯೋಚಿಸಿದ್ದ. ಚನ್ನರಾಯಪಟ್ಟಣದಲ್ಲಿ ಒಂದು ಮದುವೆಗೆ ಅಕ್ಕನ ಮನೆಮಂದಿಯೆಲ್ಲ ಹೋಗುವರು. ತಾನು ಸಾಮಾನು ತರಲು ಹಾಸನಕ್ಕೆ ಹೋಗಿರುವೆನೆಂದು ಅಕ್ಕಪಕ್ಕದ ಅಂಗಡಿಯವರಿಗೆ ಹೇಳುವನು. ಹಳ್ಳಿಮೈಸೂರಿನ ತಿರುವಿನಲ್ಲಿ ವೈಫೈ ಆಫ್ ಮಾಡಿ, ಕೆಲಸ ಮುಗಿಸಿ, ಮತ್ತೆ ಹಚ್ಚುವನು. ಕಳುವು ತಿಳಿದ ಮೇಲೆ ಅಕ್ಕ ಅಳುತ್ತಾ ಅವನಿಗೇ ಫೋನ್ ಮಾಡುವಳು. ಅವನು ಹೋಗಿ ರೂಟರ್ ತಡವಿ, ಲೈನ್ ಕೈಕೊಟ್ಟಿತ್ತು ಎನ್ನುವನು. ಅವತ್ತು ಅಲ್ಲೇ ಉಳಿಯಲು ಅವರೇ ಹೇಳಬಹುದು. ಆ ಭಾಗವನ್ನು ಅವನು ಮತ್ತೆ ಮತ್ತೆ ನೆನೆಸಿಕೊಳ್ಳುತ್ತಿದ್ದ.

ಮದುವೆಯ ದಿನ ಎಲ್ಲ ಹಾಗೇ ನಡೆಯಿತು. ಫೋನಿನಲ್ಲಿ ಗುಂಡಿ ಒತ್ತಿದ. ಕ್ಯಾಮೆರಾಗಳು ಕಣ್ಣು ಮುಚ್ಚಿದವು. ಹಿತ್ತಲಿಂದ ಒಳಹೋದ. ಬೀರುವಿನ ಕೀ ಸೀರೆಗಳ ಅಡಿ ಇತ್ತು, ಅವ್ವನೂ ಅಲ್ಲೇ ಇಡುತ್ತಿದ್ದಳು. ಸರವನ್ನು ಅಂಗೈಗೆ ಸುರಿದುಕೊಂಡ. ಅಂದುಕೊಂಡಿದ್ದಕ್ಕಿಂತ ಹಗುರಾಗಿತ್ತು. ಎದುರಿನ ಕನ್ನಡಿಯಲ್ಲಿ ಅದನ್ನು ತನ್ನ ಕತ್ತಿಗೆ ಹಾಕಿ ನೋಡಿಕೊಂಡ.

ಹಿಂಬಾಗಿಲಿನ ಸದ್ದಾಯಿತು. ಕೈಯಲ್ಲಿ ಕೀ, ಕಿವಿಗೆ ಫೋನ್ ಹಿಡಿದು ಪಕ್ಕದ ಮನೆಯ ಭಾನುಪ್ರಿಯಾ ಒಳಗೆ ಬಂದಳು. ಹಿಂದೆಯೇ ಮುದುಕ ಲಕ್ಕಯ್ಯ, 'ಮ್ಯಾಚ್ ನೋಡ್ತಿದ್ದಂಗೇ ನಿಂತೋಯ್ತು ಕಣವ್ವ, ಬೇಗ ಆಫ್ ಮಾಡಿ ಆನ್ ಮಾಡು' ಎನ್ನುತ್ತಿದ್ದ. ಹೊರಗೆ ಇನ್ನೂ ಮೂರ್ನಾಲ್ಕು ದನಿಗಳಿದ್ದವು. ವೈಫೈ ಬಂದ ದಿನವೇ ನಾಗಲಕ್ಷ್ಮಿ ಬೀದಿಗೆಲ್ಲ ಪಾಸ್‌ವರ್ಡ್ ಹೇಳಿದ್ದಳು, ನಿಂತರೆ ಸರಿಮಾಡಿಕೊಳ್ಳಲೆಂದು ಭಾನುಪ್ರಿಯಾಳ ಕೈಗೆ ಒಂದು ಕೀ ಕೂಡ ಕೊಟ್ಟಿದ್ದಳು. ಮನೋಹರನ ರೂಮಿನಲ್ಲೂ ವೈಫೈ ಇತ್ತು, ಅದರ ಪಾಸ್‌ವರ್ಡನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. 'ನಾಗಕ್ಕ, ನೀವು ಮದ್ವೆ ನೋಡ್ಕಳಿ, ಏನೂ ತಲೆ ಕೆಡಿಸ್ಕಬ್ಯಾಡಿ,' ಕನ್ನಡಿಯ ಮುಂದಿದ್ದವನನ್ನು ನೋಡುತ್ತಾ ಭಾನುಪ್ರಿಯಾ ಫೋನಿಗೆ ಹೇಳಿದಳು, 'ವೈಫೈ ನೋಡೋಕೆ ನಿಮ್ ತಮ್ಮ ಆಗ್ಲೇ ಬಂದವ್ರೆ. ಸರ ಹಾಕ್ಕೊಂಡ್ ನಿಂತವ್ರೆ.'