ಬ್ಯಾಟರಿ ಇಲ್ಲದ ಗಾಡಿ

ಭಾನುವಾರ ಮಧ್ಯಾಹ್ನ ಗ್ಯಾರೇಜ್ ಮಾಲೀಕ ಠಾಣೆಗೆ ಬಂದಾಗ ಅವನ ಅಂಗಿಯೆಲ್ಲ ಮಸಿಯಾಗಿತ್ತು. ಇನ್‌ಸ್ಪೆಕ್ಟರ್ ತಾವೇ ಎದ್ದು ಅವನಿಗೆ ಕುರ್ಚಿ ಎಳೆದುಕೊಟ್ಟರು.

"ಬೆಳಗಿನ ಜಾವ ಶೆಡ್ಡಿಗೆ ಯಾರೋ ಬೆಂಕಿ ಇಟ್ಟಿದ್ದಾರೆ ಮೇಡಂ. ಮೇಲಿನ ಮನೇಲಿ ನಮ್ಮಮ್ಮ ಮಲಗಿದ್ರು. ಹೊಗೇಲಿ ಮೆಟ್ಟಿಲೇ ಕಾಣ್ಲಿಲ್ಲ. ಬೆನ್ನ ಮೇಲೆ ಹೊತ್ಕೊಂಡು ಇಳಿಸಿದೆ. ಈಗ ಆಸ್ಪತ್ರೆಲಿದ್ದಾರೆ, ಆಕ್ಸಿಜನ್ ಹಾಕಿದ್ದಾರೆ."

"ಇಟ್ಟಿದ್ದಾರೆ ಅಂತ ಹೇಗೆ ಹೇಳ್ತೀರಿ? ತಾನಾಗೇ ಹತ್ಕೊಂಡಿರಬಹುದಲ್ಲ?"

"ಸುಟ್ಟಿದ್ದು ಎಲೆಕ್ಟ್ರಿಕ್ ಪಿಕಪ್ಪು. ಅದರ ಬ್ಯಾಟರಿ ಶುಕ್ರವಾರವೇ ಇಳಿಸಿ ಕಂಪನಿಗೆ ಪರೀಕ್ಷೆಗೆ ಕಳಿಸಿದ್ದೆ. ಬರೀ ಡಬ್ಬ ನಿಂತಿತ್ತು."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. "ಈ ಮಾತು ಇನ್ನು ಯಾರ ಹತ್ರನೂ ಆಡಬೇಡಿ."

ಎಫ್‌ಐಆರ್ ದಾಖಲಾಯಿತು. ಮೂರು ಗಂಟೆಗೆ ಇಬ್ಬರು ಪಂಚರ ಸಮ್ಮುಖದಲ್ಲಿ ಸ್ಥಳ ಪಂಚನಾಮೆ ನಡೆಯಿತು. ಹಿಂಬಾಗಿಲಿನ ಚಿಲಕ ಕಿತ್ತು ಬಂದಿತ್ತು. ಪಿಕಪ್ಪಿನ ಸೀಟು ಸುಟ್ಟು ಕರಕಲಾಗಿತ್ತು, ಬ್ಯಾಟರಿ ಕೂರುವ ಅಡಿಭಾಗಕ್ಕೆ ಅಷ್ಟೇನೂ ಬಿಸಿ ತಾಗಿರಲಿಲ್ಲ. ಚಾಲಕನ ಕಾಲಡಿಯಲ್ಲಿ ಕರಗಿ ಮುದ್ದೆಯಾದ ಪ್ಲಾಸ್ಟಿಕ್ ಕ್ಯಾನು ಸಿಕ್ಕಿತು. ಹೆಡ್ ಕಾನ್‌ಸ್ಟೆಬಲ್ ಮೂಸಿ ನೋಡಿ ಮುಖ ಸಿಂಡರಿಸಿದ. "ಪೆಟ್ರೋಲ್ ಮೇಡಂ. ಈ ಗಾಡಿ ಹುಟ್ಟಿದಾಗಿನಿಂದ ಕುಡೀದೇ ಇದ್ದದ್ದನ್ನ ಸಾಯೋವಾಗ ಕುಡಿಸಿದ್ದಾರೆ."

ಗಾಡಿಯ ಒಡತಿ ಆಸ್ಪತ್ರೆಗಳ ಬಟ್ಟೆ ಒಗೆಸಿ ಸಾಗಿಸುವ ಕೆಲಸದವಳು. ನೀರು ನಿಂತ ರಸ್ತೆಯಲ್ಲಿ ಗಾಡಿ ಓಡಿಸಿದ್ದರಿಂದ ಬ್ಯಾಟರಿಗೆ ನೀರು ಹೊಕ್ಕಿತ್ತು. ಹೊಸ ಬ್ಯಾಟರಿಯ ಬೆಲೆಗೆ ಇನ್ನೇನು ಹೊಸ ಗಾಡಿಯೇ ಬರುತ್ತಿತ್ತು. ವಿಮೆ ಕಂಪನಿ, ಬ್ಯಾಟರಿಗೆ ಬೇರೆ ಪಾಲಿಸಿ ಮಾಡಿಸಿಲ್ಲ ಎಂದು ಕೈ ಎತ್ತಿತ್ತು. ಗಾಡಿ ಸುಟ್ಟುಹೋದರೆ ಮಾತ್ರ ಪೂರ್ತಿ ಪರಿಹಾರ. ಅನುಮಾನ ಮೊದಲು ಅವಳ ಮೇಲೇ ಹೋಗುವಂತಿತ್ತು.

ಇಸ್ತ್ರಿಯ ಬಿಸಿ ತುಂಬಿದ ಕೋಣೆಯಲ್ಲಿ ಹಾಸಿಗೆ ಬಟ್ಟೆ ಮಡಿಸುತ್ತಲೇ ಅವಳು ಉತ್ತರ ಕೊಟ್ಟಳು.

"ಬ್ಯಾಟರಿ ಇಳಿಸೋಕೆ ನಾನೇ ಒಪ್ಪಿಗೆ ಕೊಟ್ಟಿದ್ದು ಮೇಡಂ. ರಿಪೇರಿ ಆಗುತ್ತೇನೋ ಅನ್ನೋ ಒಂದು ಆಸೆ. ಬ್ಯಾಟರಿನೇ ಇಲ್ದಿದ್ದ ಗಾಡಿ ಹೆಂಗೆ ಸುಡ್ತು?"

"ಇಳಿಸಿದ್ದು ಬೇರೆ ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ. ಸೋದರಮಾವನಿಗೆ ಹೇಳ್ಬೇಕಿತ್ತು, ಪಾಲಿಸಿ ಮಾಡ್ಸಿದ್ದೇ ಅವರು. ಬ್ಯಾಟರಿಗೂ ಸೇರುತ್ತಾ ಮಾವ ಅಂದ್ರೆ, ಕಣ್ಮುಚ್ಚಿ ಸೈನ್ ಹಾಕಮ್ಮ ಅಂದಿದ್ರು. ಕ್ಲೇಮ್ ಬಿದ್ದುಹೋದ್ಮೇಲೆ ನಾನು ಮಾತು ಬಿಟ್ಟಿದ್ದೀನಿ."

ಇನ್‌ಸ್ಪೆಕ್ಟರ್‌ಗೆ ಅಷ್ಟು ಸಾಕಾಗಿತ್ತು. ಹೆಡ್ ಕಾನ್‌ಸ್ಟೆಬಲ್ ಸುತ್ತಲಿನ ಪೆಟ್ರೋಲ್ ಬಂಕುಗಳನ್ನು ಜಾಲಾಡಿದ. ಮೂರನೆಯದರಲ್ಲಿ ಹುಡುಗಿಯೊಬ್ಬಳು ಕೇಳಿದ ಕೂಡಲೇ ನಕ್ಕಳು. "ಕರೆಂಟ್ ಸ್ಕೂಟರಲ್ಲಿ ಬಂದು ಪೆಟ್ರೋಲ್ ಕೇಳಿದ್ರಲ್ಲ, ಅವರಾ? ಮರೆಯೋಕಾಗುತ್ತಾ ಸಾರ್!" ಶನಿವಾರದ ಕ್ಯಾಮೆರಾ ದೃಶ್ಯದಲ್ಲಿ ಮುಖವೂ ಇತ್ತು, ಕ್ಯಾನೂ ಇತ್ತು, ಸೋದರಮಾವನ ಹೆಸರಿನಲ್ಲಿದ್ದ ಸ್ಕೂಟರಿನ ನಂಬರೂ ಇತ್ತು.

ಸೋದರಮಾವನನ್ನು ಹುಡುಕಿಕೊಂಡು ಹೋಗುವ ಶ್ರಮವೇ ಬೀಳಲಿಲ್ಲ. ಸೋಮವಾರ ಬೆಳಿಗ್ಗೆ ಇಸ್ತ್ರಿ ಮುರಿಯದ ಅಂಗಿ ತೊಟ್ಟು, ದಪ್ಪ ಚೌಕಟ್ಟಿನ ಕನ್ನಡಕ ಹಾಕಿಕೊಂಡು ತಾನೇ ಬಂದ.

"ಪೊಲೀಸ್ ವರದಿ ಬೇಗ ಸಿಕ್ಕಿದ್ರೆ ಸೊಸೆಗೆ ಪರಿಹಾರ ಕೊಡಿಸಬಹುದು ಮೇಡಂ. ಈ ಗಾಡಿಗಳ ಹಣೆಬರಹನೇ ಇಷ್ಟು. ನೀರು ಹೊಕ್ಕ ಬ್ಯಾಟರಿ ಒಳಗೊಳಗೇ ಕುದ್ದು ಸಿಡಿದಿದೆ."

"ಬ್ಯಾಟರಿಯಿಂದಲೇ? ಖಾತ್ರಿನಾ?"

"ನೂರಕ್ಕೆ ನೂರು."

"ನೀವು ಪೆಟ್ರೋಲ್ ಗಾಡಿ ಏನಾದ್ರೂ ಇಟ್ಟಿದ್ದೀರಾ?"

"ಇಲ್ಲ ಮೇಡಂ. ನಂದು ಎಲೆಕ್ಟ್ರಿಕ್ ಸ್ಕೂಟರ್."

"ಹಾಗಾದ್ರೆ ಶನಿವಾರ ಕ್ಯಾನಿಗೆ ಹಾಕಿಸಿದ ಪೆಟ್ರೋಲ್ ಯಾರಿಗೆ?"

ಅವನು ಕನ್ನಡಕ ತೆಗೆದು ಒರೆಸತೊಡಗಿದ. ಎಡಗಣ್ಣಿನ ಹುಬ್ಬು ಅರ್ಧ ಸುಟ್ಟಿತ್ತು.

"ಅದು... ಪಕ್ಕದ ಮನೆಯವರಿಗೆ..."

"ಬ್ಯಾಟರಿ ಶುಕ್ರವಾರವೇ ಇಳಿಸಿ ಕಳಿಸಿದ್ರು. ನಿಮಗೆ ಗೊತ್ತಿರಲಿಲ್ಲ, ಅಲ್ವಾ?"

ಒರೆಸುತ್ತಿದ್ದ ಕೈ ನಿಂತಿತು. ಇನ್‌ಸ್ಪೆಕ್ಟರ್ ದನಿ ಏರಿಸಲಿಲ್ಲ. "ಇವತ್ತು ಬೆಳಿಗ್ಗೆ ಕಂಪನಿಯಿಂದ ಪರೀಕ್ಷೆ ಫಲಿತಾಂಶನೂ ಬಂತು. ನೀರು ಹೊಕ್ಕಿದ್ದು ಒಂದೇ ಭಾಗಕ್ಕೆ. ಅಷ್ಟು ಬದಲಾಯಿಸಿದ್ರೆ ಗಾಡಿ ಓಡ್ತಿತ್ತು."

ಅವನು ಗೋಡೆಗೆ ಒರಗಿಬಿಟ್ಟ. "ಮೇಲ್ಗಡೆ ಗ್ಯಾರೇಜಿನವರ ಅಮ್ಮ ಇದ್ದಿದ್ದು ದೇವರಾಣೆ ನಂಗೆ ಗೊತ್ತಿರ್ಲಿಲ್ಲ," ಎಂದ. "ಹೇಗಿದ್ದಾರೆ?"

"ಬದುಕಿದ್ದಾರೆ. ನಿಮ್ಮ ಪುಣ್ಯ."

ಆಮೇಲೆ ಅವನು ಏನನ್ನೂ ಮುಚ್ಚಿಡಲಿಲ್ಲ. ಪರಿಹಾರದಲ್ಲಿ ಅವನಿಗೆ ಬಿಡಿಗಾಸೂ ಬರುವುದಿರಲಿಲ್ಲ. ನೆಂಟರ ಪ್ರತಿ ಮನೆಗೂ ಪಾಲಿಸಿ ಮಾಡಿಸಿದವನು ಅವನು. ಈ ಹೊಸ ಗಾಡಿಗಳ ಬ್ಯಾಟರಿಗೆ ಬೇರೆ ಪಾಲಿಸಿ ಬೇಕೆಂಬ ನಿಯಮ ಅವನಿಗೆ ತಿಳಿದೇ ಇರಲಿಲ್ಲ. ಕೇಳಿ ತಿಳಿದುಕೊಳ್ಳಲು ಹಿರಿತನ ಬಿಡಲಿಲ್ಲ. ಕ್ಲೇಮ್ ಬಿದ್ದ ಮೇಲೆ ತಂಗಿಯ ಮನೆಯಲ್ಲಿ ಅವನು ಬಂದರೆ ಮಾತು ನಿಲ್ಲುತ್ತಿತ್ತು. ಆ ಮೌನ ತಡೆಯಲಾಗದೆ, ಗಾಡಿ ಸುಟ್ಟು ಪರಿಹಾರ ಬಂದರೆ ತನ್ನ ಮರ್ಯಾದೆ ಉಳಿದೀತೆಂದು ಬೆಂಕಿ ಇಟ್ಟಿದ್ದ.

ಹನ್ನೊಂದೂವರೆಗೆ ದಸ್ತಗಿರಿಯಾಯಿತು. ಸುದ್ದಿ ತಿಳಿದ ಸೊಸೆ ಕೆಲಸದ ಬಟ್ಟೆಯಲ್ಲೇ ಓಡಿಬಂದಳು. ಜೀಪಿನ ಬಳಿ ಅವನು ತಲೆ ತಗ್ಗಿಸಿ ನಿಂತಿದ್ದ.

"ನಂಗೊತ್ತಿಲ್ಲ ಕಣಮ್ಮ ಅಂದಿದ್ರೆ ಆಗ್ತಿತ್ತಲ್ಲ ಮಾವ," ಎಂದಳು. "ನಾನೇ ಎಲ್ಲಾದ್ರೂ ವಿಚಾರಿಸ್ಕೊಳ್ತಿದ್ದೆ."

ಅವನು ತಾನೇ ಜೀಪು ಹತ್ತಿ ಕುಳಿತ.