ಕಡಲು ತೋರಿಸಿದ ಗಂಡ

ಉಡುಪಿಯ ಲಾಡ್ಜಿನ ಗುಮಾಸ್ತ ತಲೆ ಎತ್ತಿ, ಹೊಸದಾಗಿ ಮದುವೆಯಾದವರಾ ಎಂದು ಕೇಳಿದ. ಗಿರಿಜಾಂಬಿಕಾ ಅಲ್ಲ ಅನ್ನುವಷ್ಟರಲ್ಲಿ ಹಾಲಸ್ವಾಮಿ ಹೌದು ಅಂದುಬಿಟ್ಟ. ಮದುವೆಯಾಗಿ ಆಗಲೇ ಆರು ವರ್ಷವಾಗಿತ್ತು. ಮೆಟ್ಟಿಲು ಹತ್ತುತ್ತಾ ಅವಳು, ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಿದಳು. ಅವನು ಹಿಂತಿರುಗಿ ನೋಡಿ ಕಣ್ಣಲ್ಲೇ ನಕ್ಕ.

"ಇವತ್ತು ನಿನ್ನ ನೋಡಿದ್ರೆ ಹಂಗೇ ಅನ್ನಿಸ್ತು ಕಣೇ."

ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹಾಲಸ್ವಾಮಿ ತಿಪಟೂರಿನ ಕೊಬ್ಬರಿ ವ್ಯಾಪಾರಿ. ಅಟ್ಟದಿಂದ ಇಳಿಸಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿದೆಯೋ ಇಲ್ಲವೋ ಹೇಳಬಲ್ಲ ಜಾಣ. ಹೆಂಡತಿಯ ಮಾತಿಗೆ ಮಾತ್ರ ಆ ಕಿವಿ ಕಿವುಡು. ಅವಳು ಕಂಡ ದೂರದ ಊರೆಂದರೆ ತವರು ಶೆಟ್ಟಿಕೆರೆ. ಮಕ್ಕಳಾಗಿರಲಿಲ್ಲ. ಅತ್ತೆ ದ್ರಾಕ್ಷಾಯಣಮ್ಮ ಅನ್ನದ ಜೊತೆ ಆ ಮಾತನ್ನೂ ದಿನಾ ಬಡಿಸುತ್ತಿದ್ದಳು. ಅಂಥದ್ದರಲ್ಲಿ ಎಪ್ಪತ್ತೆಂಟನೇ ಇಸವಿಯ ಕಾರ್ತಿಕ ಕಳೆಯುತ್ತಲೇ ಅವನು, ಧರ್ಮಸ್ಥಳ, ಉಡುಪಿ, ಗೋಕರ್ಣ ಸುತ್ತಿ ಬರೋಣ, ನಿನಗೆ ಸಮುದ್ರ ತೋರಿಸುತ್ತೇನೆ ಅಂದಿದ್ದ. ಅವಳು ನಂಬದೆ ಎರಡು ಸಲ ಕೇಳಿದ್ದಳು.

ಮಲ್ಪೆಯಲ್ಲಿ ಮೀನಿನ ವಾಸನೆಗೆ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಸಮುದ್ರ ನೋಡೋಕೆ ಮೂಗು ಯಾಕೆ, ಕಣ್ಣು ಸಾಕು ಎಂದು ಅವನು ಛೇಡಿಸಿದ. ಅಲೆ ಬಂದು ಕಾಲ ಕೆಳಗಿನ ಮರಳು ಜಾರಿದಾಗ ಅವಳು ಹೆದರಿ, ಅಷ್ಟು ಜನರ ಎದುರಿಗೇ ಅವನ ಕೈ ಹಿಡಿದಳು. ತಿಪಟೂರಿನಲ್ಲಾಗಿದ್ದರೆ ಕೊಡವಿಬಿಡುತ್ತಿದ್ದ. ಇಲ್ಲಿ ಬಿಡಿಸಿಕೊಳ್ಳಲಿಲ್ಲ. ಸಂಜೆ ಮಲ್ಲಿಗೆ ಚೆಂಡು ತಂದು ತಾನೇ ಮುಡಿಸಿದ. ಅವನ ಒರಟು ಬೆರಳು ಕತ್ತಿಗೆ ತಗುಲಿದಾಗ ಅವಳು ಉಸಿರು ಬಿಗಿಹಿಡಿದಿದ್ದಳು. ಆರು ವರ್ಷ ಸಂಸಾರ ಮಾಡಿದ ಗಂಡನ ಮೇಲೆ ಪ್ರೀತಿ ಹುಟ್ಟಿದ್ದು ಆ ವಾರದಲ್ಲಿ.

ಕೊನೆಯ ಸಂಜೆ ಗೋಕರ್ಣದ ಮರಳಿನಲ್ಲಿ ಕೂತು ಅವಳು ಮನಸ್ಸಿನಲ್ಲಿದ್ದುದನ್ನು ಹೇಳಿದಳು. ಮಕ್ಕಳಿಲ್ಲ ಅನ್ನುವ ಸಂಕಟ ಈಗ ಇಲ್ಲ, ನೀವೊಬ್ಬರು ಹೀಗಿದ್ದರೆ ಸಾಕು ಅಂದಳು. ಅವನು ಮರಳನ್ನು ಮುಷ್ಟಿಯಲ್ಲಿ ಹಿಡಿದು ಬಿಡುತ್ತಾ ಕೂತಿದ್ದ.

"ಅಮ್ಮಸಂದ್ರದಲ್ಲಿ ಒಂದು ಹುಡುಗಿ ನೋಡೀವಿ ಗಿರಿಜಾ. ಹಿರೇ ಹೆಂಡ್ತಿನೇ ತಾಂಬೂಲ ತಂದು ಬಾಯಿಬಿಟ್ಟು ಕೇಳಬೇಕು, ಇಲ್ದಿದ್ರೆ ಕೊಡಲ್ಲ ಅಂತವ್ರೆ."

ಮೊದಲ ಹೆಂಡತಿಯ ಕಣ್ಣೀರು ತಮ್ಮ ಮಗಳ ತಲೆಗೆ ಸುತ್ತಬಾರದೆಂದು ಹೆಣ್ಣಿನವರು ಹಾಕಿದ ಷರತ್ತು ಅದು. ಹರಕೆಯ ಕುರಿಗೂ ಮೊದಲು ಹಾರ ಹಾಕುತ್ತಾರೆ. ಮಲ್ಲಿಗೆ ಯಾತಕ್ಕೆ ಬಂತೆಂದು ಅವಳಿಗೆ ಈಗ ತಿಳಿಯಿತು. ಆದರೂ ಆಸೆ ಅನ್ನುವುದು ಬಿಡಬೇಕಲ್ಲ. ಇಲ್ಲಿಗೆ ಕರೆತರುವ ಉಪಾಯ ಅತ್ತೆಯದಾ ಎಂದು ಕೇಳಿದಳು.

"ನಂದೇ," ಅಂದ ಅವನು, ಕೊಂಚ ಹೆಮ್ಮೆಯಿಂದಲೇ. "ಮನೇಲಿ ಹೇಳಿದ್ರೆ ನೀನು ಅತ್ತುಬುಡ್ತಿದ್ದೆ."

"ಮನೇಲೇ ಒಪ್ಕೊಂಡಿದ್ರೆ?"

"ಆಗ ಇಷ್ಟು ದೂರ ಯಾಕೆ ಬರಬೇಕಿತ್ತು, ಬುಡು."

ಅವಳು ಅಳಲಿಲ್ಲ. ತಾಂಬೂಲ ತರುತ್ತೇನೆ ಅಂದಳು. ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ, ಬಸ್ಸಿನಲ್ಲಿ ಊರು ಮುಟ್ಟುವವರೆಗೂ ನಿದ್ದೆ ಹೊಡೆದ.

ಅಮ್ಮಸಂದ್ರದ ಹುಡುಗಿಯ ಹೆಸರು ಸರ್ವಮಂಗಳ. ಕಣ್ಣಲ್ಲಿ ಇನ್ನೂ ತವರಿನ ನಗು. ಗಿರಿಜಾಂಬಿಕಾ ತಾಂಬೂಲದ ತಟ್ಟೆಯನ್ನು ಮುಂದಿಟ್ಟು, ಕೇಳಬೇಕಾದಂತೆ ಕೇಳಿದಳು. ಹುಡುಗಿ ತಟ್ಟೆಗೆ ಕೈ ಚಾಚಿ, ಮೆಲ್ಲಗೆ, ಅವರು ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾರಾ ಅಕ್ಕ ಎಂದು ವಿಚಾರಿಸಿದಳು. ಗಿರಿಜಾಂಬಿಕಾ ಅಲೆಯ ಕತೆ, ಕೈ ಹಿಡಿದ ಕತೆ, ಮಲ್ಲಿಗೆಯ ಕತೆ ಎಲ್ಲವನ್ನೂ ಹೇಳಿದಳು. ಹೇಳುವಾಗ ಅವಳ ಮುಖ ತಾನಾಗಿಯೇ ಅರಳಿತು. ಹುಡುಗಿಯ ಕಣ್ಣುಗಳೂ ಹೊಳೆದವು. ಎದುರು ಚಾಪೆಯ ಮೇಲಿದ್ದ ಹಾಲಸ್ವಾಮಿ ಮೀಸೆಯ ಮೇಲೆ ಕೈಯಾಡಿಸಿಕೊಂಡ.

"ಮದ್ವೆಯಾದ ಹೊಸದ್ರಲ್ಲಾ ಅಕ್ಕ?"

"ಹೋದ ವಾರ ಕಣವ್ವ. ಆರು ವರ್ಷಕ್ಕೆ ಇದೇ ಮೊದಲು. ನಿನ್ನ ಕೇಳಾಕೆ ನಾನು ಬರಬೇಕಿತ್ತಲ್ಲ, ಅದಕ್ಕೆ."

ಸರ್ವಮಂಗಳ ಕೈ ಹಿಂದಕ್ಕೆ ಎಳೆದುಕೊಂಡಳು. ಎದ್ದು ಒಳಗೆ ಹೋದವಳು ಅಪ್ಪ ಎಷ್ಟು ಕೂಗಿದರೂ ಹೊರಗೆ ಬರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಹಾಲಸ್ವಾಮಿ ಹಲ್ಲು ಕಡಿಯುತ್ತಾ, ಇದ್ದ ಮಾನ ಕಳೆದೆಯಲ್ಲ, ಬೇಡ ಅನ್ನಬೇಕಿದ್ದರೆ ಅಲ್ಲೇ ಅನ್ನಬಹುದಿತ್ತಲ್ಲ ಎಂದು ಗೊಣಗಿದ.

"ಬ್ಯಾಡ ಅಂದಿಲ್ಲವಲ್ರೀ. ಇನ್ನೊಂದು ಕಡೆ ಹೆಣ್ಣು ನೋಡ್ರಿ, ಬತ್ತೀನಿ. ಅಲ್ಲೂ ಕೇಳಿದ್ರೆ ಇದನ್ನೇ ಹೇಳ್ತೀನಿ."

ಅವನು ಮುಖ ತಿರುಗಿಸಿ ಸೀಟಿನ ಆ ತುದಿಗೆ ಸರಿದ. ನಡುವೆ ಖಾಲಿ ಉಳಿದ ಜಾಗವನ್ನು ಅವಳು ನೋಡಿದಳು. ಇಷ್ಟಾದ ಮೇಲೂ ಈ ಮನುಷ್ಯ ಹತ್ತಿರ ಕೂತಿದ್ದರೆ ಚೆನ್ನಾಗಿತ್ತು ಅನ್ನಿಸಿತು, ಹಾಗನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.